ಹಂಡೆ ಒಲೆಗೆ ಹೋದ ಪಾಪು

ಈ ಬೆಳಿಗ್ಗೆ ಹಂಡೆ ಒಲೆಗೆ ತೆಂಗಿನ ಚಿಪ್ಪು ಹಾಕಿದೆ. ಆ ಹೊಗೆಯ ವಾಸನೆಗೆ ನಿಮಗೆ ಎಣ್ಣೆಸ್ನಾನ ನೆನಪಾಗಬಹುದು. ನನಗೆ ಎರಡು ವರ್ಷದಿಂದ ನನ್ನದೇ ಒಂದು ಸುಳ್ಳು ನೆನಪಾಗುತ್ತದೆ. ಹೊಸ್ತಿಲಲ್ಲಿ ಮಲಗಿರುವ ಈ ನಾಯಿ ಅದಕ್ಕೆ ಸಾಕ್ಷಿ. ಕೂತುಕೊಳ್ಳಿ, ಅದನ್ನೂ ಹೇಳುತ್ತೇನೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನ್ನ ಜೊತೆಗೇ ಇರುವ ತಂಗಿ ಜಯ ಓದಿಕೊಂಡು, ಬೆಳಕವಾಡಿ ಪಕ್ಕದ ನಮ್ಮೂರಲ್ಲೇ ಅಂಗನವಾಡಿ ಟೀಚರಾದಳು. ಓದೆಂದರೆ ಸ್ಲೇಟು, ಬಳಪ, ಬೆನ್ನಿಗೆ ನಾಲ್ಕು ಏಟು ಎಂದು ನಂಬಿದ್ದ ನನಗೆ ಅವಳ ಪಾಠ ಅರ್ಥವಾಗುತ್ತಿರಲಿಲ್ಲ. ಮಕ್ಕಳು ಚಿಪ್ಪಿನಲ್ಲಿ ಮರಳು ಅಳೆಯುತ್ತವೆ, ಡಬ್ಬಿಗಳಿಗೆ ತಗಡಿನ ಮುಚ್ಚಳ ಹುಡುಕುತ್ತವೆ, ಇವಳು ಕೂತು ನೋಡುತ್ತಾಳೆ.

"ಇದುಕ್ಕೆ ಸಂಬಳ ಬೇರೆ ಕೊಟ್ಟಾರಾ?"

"ಆಟದಲ್ಲೇ ಕಲ್ತ್ಕತವೆ ಕಣಕ್ಕ, ನೀ ಸುಮ್ಕಿರು."

ಒಂದು ರಜೆಯ ದಿನ ಅವಳಿಗೆ ಮಳವಳ್ಳಿಯಲ್ಲಿ ಮೀಟಿಂಗು. "ಅಕ್ಕ, ಅಂಗನವಾಡಿ ವಸಿ ಗುಡಿಸ್ಬುಡು" ಎಂದು ಬೀಗದ ಕೈ ಕೊಟ್ಟು ಹೋದಳು. ಗುಡಿಸಿದೆ. ಮೂಲೆಯಲ್ಲೊಂದು ಮೂಟೆ, ಮೇಲೆಲ್ಲ ಚಿಪ್ಪು, ಕಾಳು ಬಿಡಿಸಿದ ಮುಸುಕಿನ ಜೋಳದ ಬೆಂಡು. ಇಷ್ಟೊಳ್ಳೆ ಒಣ ಸೌದೆ ಸುಮ್ಮನೆ ಬಿದ್ದಿದೆಯಲ್ಲ ಎಂದು ಮನೆಗೆ ಹೊತ್ತು ತಂದು ಒಲೆಗೆ ಸುರಿದೆ. ತಳದಲ್ಲಿ ಏನಿದೆ ಎಂದು ನೋಡಲೂ ಇಲ್ಲ. ಸಂಜೆ ಜಯ ಬಂದು ನೀರು ಹುಯ್ದುಕೊಂಡು, "ಏನ್ ಕಾದದೆ ಅಕ್ಕ ನೀರು!" ಎಂದಳು. ನಾನು ಹಿಗ್ಗಿದೆ.

ಮಾರನೆಯ ದಿನ ತಿಳಿಯಿತು, ಆ ಮೂಟೆಯೇ ಅವಳ ಪಾಠಶಾಲೆ ಎಂದು. ಅದರಲ್ಲಿದ್ದ, ಚಿಂದಿ ಸುತ್ತಿದ ಒಂದು ಬೆಂಡು ಎರಡೂವರೆ ವರ್ಷದ ಚಿನ್ನಿಯ ಪಾಪು. ಅದನ್ನು ತಟ್ಟಿ ಮಲಗಿಸಿದರಷ್ಟೇ ಚಿನ್ನಿ ಅಳು ನಿಲ್ಲಿಸುತ್ತಿದ್ದಳು. ಅವಳು ಅಳು ನಿಲ್ಲಿಸಿದರಷ್ಟೇ ಅವಳವ್ವ ಕಬ್ಬಿನ ಗದ್ದೆಗೆ ಹೋಗುತ್ತಿದ್ದಳು.

ಮೂಟೆ ಕಾಣದೆ ಹುಡುಕುತ್ತಿದ್ದ ಜಯಳಿಗೆ, "ಬಾಗ್ಲು ತಗ್ದಿತ್ತು ಕಣಮ್ಮಿ, ನಾಯಿ ಎಳ್ಕೊಂಡೋಗಿರ್ಬೇಕು" ಎಂದೆ.

"ಮೂಟೆ ಸಮೇತಾನಾ?" ಎಂದಳು ಜಯ. ಅಷ್ಟೇ.

ಸುಮ್ಮನೆ ಹೆಸರು ಕೆಡಿಸಿದೆನಲ್ಲ ಎಂದು ಬೀದಿಯ ನಾಯಿಗೆ ಒಂದು ವಾರ ಮುದ್ದೆ ಹಾಕಿದೆ. ಅದು ಇನ್ನೂ ನಮ್ಮ ಹೊಸ್ತಿಲು ಬಿಟ್ಟಿಲ್ಲ.

ಚಿನ್ನಿ ಮೂರು ದಿನ ಅತ್ತಳು. "ಇವ್ಳಿಂಗೆ ಅತ್ರೆ ನಾ ಕೂಲಿಗೋಗದೆಂಗೆ?" ಎಂದು ಅವಳವ್ವ ಅಂಗನವಾಡಿ ಬಾಗಿಲಲ್ಲೇ ಕೂತಳು. ನನ್ನ ಸೀರೆ ಹರಿದು ಹೊಸ ಬೆಂಡಿಗೆ ಸುತ್ತಿ ಕೊಟ್ಟೆ. ಚಿನ್ನಿ ತಿರುಗಿಸಿ ನೋಡಿ, "ಇದಲ್ಲ" ಎಂದು ಎಸೆದಳು. ಆಮೇಲೆ ನನ್ನನ್ನು ದಿಟ್ಟಿಸಿ, "ಮನಿಕೊ" ಎಂದಳು. ಮಲಗಿದೆ. ತಟ್ಟಿದಳು. ನನ್ನ ಗೊರಕೆ ನಾಟಕವಾಗಿರಲಿಲ್ಲ, ದೇವರಾಣೆ ನಿದ್ದೆ ಬಂದಿತ್ತು. ಎಚ್ಚರವಾದಾಗ ಅವಳೂ ಪಕ್ಕದಲ್ಲಿ ಮಲಗಿದ್ದಳು. ಅವಳವ್ವ ಗದ್ದೆಗೆ ಹೋಗಿಯಾಗಿತ್ತು. ಹೊಸ ಬೆಂಡನ್ನು ಅವಳು ಒಪ್ಪುವವರೆಗೆ, ಹತ್ತು ದಿನ, ನಾನೇ ಜೋಳದ ಬೆಂಡಾಗಿ ಕೆಲಸ ಮಾಡಿದೆ.

ಆದರೂ ನಿಜ ಹೇಳಲಿಲ್ಲ. ಇವತ್ತು, ಹೊಗೆಗೋ ಏನೋ, ಕಣ್ಣಲ್ಲಿ ನೀರು ಬಂತು. ಪಾತ್ರೆ ಬೆಳಗುತ್ತಿದ್ದ ಜಯಳ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ.

ಅವಳು ಕೈ ನಿಲ್ಲಿಸಲಿಲ್ಲ. "ಗೊತ್ತು ಕಣಕ್ಕ. ಅವತ್ತೇ ಒಲೆ ಬೂದೀಲಿ ನನ್ ಮುಚ್ಳಗಳು ಸಿಕ್ಕಿದ್ವು."

"ಮತ್ಯಾಕಮ್ಮಿ ಕೇಳ್ನಿಲ್ಲ?"

"ಮಕ್ಳನ್ನ ಹೆದ್ರಿಸಿ ಕೇಳ್ಬಾರ್ದು, ತಾವಾಗೇ ಬಂದು ಹೇಳೋಗಂಟ ಕಾಯ್ಬೇಕು. ಟ್ರೇನಿಂಗಲ್ಲಿ ಅಂಗೇ ಹೇಳ್ಕೊಟ್ಟವ್ರೆ."

ಐವತ್ತೆರಡು ವರ್ಷದ ಮಗು ನಾನು, ತಲೆ ತಗ್ಗಿಸಿ ಒಲೆಯ ಹತ್ತಿರ ಹೋದೆ. ಉಳಿದ ಚಿಪ್ಪುಗಳಲ್ಲಿ ದುಂಡಗಿದ್ದವನ್ನೆಲ್ಲ ಆರಿಸಿ ಚಿನ್ನಿಯ ಅಂಗನವಾಡಿಗೆಂದು ಎತ್ತಿಟ್ಟೆ. ಇವತ್ತು ಸ್ನಾನದ ನೀರು ಉಗುರು ಬೆಚ್ಚಗೇ ಉಳಿಯಿತು.