ಅಕ್ಕನ ಹೆಸರಿನ ಕಲ್ಲು

ಕಸ್ತೂರೆಮ್ಮ ಆ ಕಲ್ಲನ್ನು ಗೋಣಿಚೀಲದಾಗ ಸುತ್ತಿ, ಮೈದುನ ಅಂಬಪ್ಪನ ಆಟೋದಾಗ ಹೇರಿಸಿ, ತುರ್ವಿಹಾಳದಿಂದ ಸಿಂಧನೂರಿಗೆ ತಂದಳು. ಕಲ್ಲಿನ ಮ್ಯಾಲೆ ಅಕ್ಕ ಬಸವಣ್ಣೆಮ್ಮನ ಹೆಸರು, ಸತ್ತ ತಾರೀಖು. ಇಪ್ಪತ್ತೇಳು ವರ್ಷದ ಹಿಂದೆ ಅಕ್ಕನ ಗಂಡ, ಮಿಲಿಟರಿ ಸೂಗಪ್ಪ, ರಜೆ ಮೇಲೆ ಬಂದು ಹೊಲದಾಗಿನ ಸಮಾಧಿಗೆ ಹಾಕಿಸಿದ ಕಲ್ಲು ಅದು. ಮರುವರ್ಷ ಹಿರಿಯರು ಕಸ್ತೂರೆಮ್ಮನನ್ನೇ ಅವನಿಗೆ ಕೊಟ್ಟು, ಅಕ್ಕನ ಕೂಸನ್ನು ಅವಳ ಉಡಿಗೆ ಹಾಕಿದರು. 'ಅದೇ ಮನಿ ಹೆಣ್ಣು, ಹೊಸದಾಗಿ ಬರಸೋದೇನೈತಿ' ಅಂತ ಸೂಗಪ್ಪ ಪಲ್ಟನ್ನಿನ ಕಾಗದದಾಗ ಹೆಂಡತಿಯ ಹೆಸರು ಬದಲಿಸಲೇ ಇಲ್ಲ. ಹೋದ ವರ್ಷ ಅವನೂ ಹೋದ.

ಕಸ್ತೂರೆಮ್ಮ ಹಾಕಿದ ಪಿಂಚಣಿ ಅರ್ಜಿ ವಾಪಸ್ ಬಂತು. 'ನಮ್ಮ ದಾಖಲೆಯಾಗ ಸಿಪಾಯಿಯ ಹೆಂಡತಿ ಬಸವಣ್ಣೆಮ್ಮ, ನೀವು ಯಾರು?' ಅಂತ ಅದರಾಗ ಕೇಳಿದ್ದರು. ಅಕ್ಕ ಸತ್ತಿದ್ದಕ್ಕೆ ಪುರಾವೆ ಕೊಟ್ಟು ಮೇಲ್ಮನವಿ ಹಾಕಲು ಇನ್ನು ಎಂಟೇ ದಿನ. ಮನೆಯಾಗ ಸತ್ತವಳ ಸಾವನ್ನು ಆಗ ಯಾರು ಬರೆಸಿದ್ದರು?

ತಹಶೀಲ್ದಾರ್ ಕಚೇರಿಯ ಮೇಜಿನ ಮ್ಯಾಲೆ ಕಲ್ಲು ಧಪ್ ಅಂತ ಕೂತಿತು. ಗುಮಾಸ್ತ ಕುರ್ಚಿ ಹಿಂದಕ್ಕೆ ಸರಿಸಿದ. "ಏನವ್ವ, ಹೆಣ ಒಂದ ಬಿಟ್ಟು ಬಂದೀಯೇನು?"

"ಕೇಳಿದ್ರ ಅದನ್ನೂ ತರತಿದ್ದೆನ್ರಿ."

ಅವನ ನಗು ಇಂಗಿತು. ಕಲ್ಲಿನ ಬುಡದ ಹಸಿ ಮಣ್ಣು ನೋಡಿ ಹಣೆ ಬಡಕೊಂಡ. "ಯಾಕ ಕಿತ್ತಿ ತಾಯಿ? ಅಲ್ಲೇ ಇದ್ದಿದ್ರ ಜಾಗಾಕ್ಕ ಬಂದು ಪಂಚನಾಮೆ ಮಾಡತಿದ್ರು. ಈಗಿದು ಬರೇ ಕಲ್ಲು. ನಿನ್ನೆ ಕೆತ್ತಿಸಿದ್ದೋ ಏನೋ, ಯಾರಿಗೆ ಗೊತ್ತು?"

ಕಸ್ತೂರೆಮ್ಮ ಅಂಬಪ್ಪನ ಕಡೆ ತಿರುಗಿದಳು.

"ಬ್ಯಾಡ ಬ್ಯಾಡ ಅಂದ್ನಿ ವೈನಿ, ಕೇಳಿದೇನು?" ಅಂಬಪ್ಪ ರೇಗಿದ.

"ಅಕ್ಕನ ಕುಣಿ ತೋಡಿದಂವ ನೀನ ಅದೀಯಲ್ಲ, ಬಾಯಿ ಬಿಟ್ಟು ಹೇಳಬಾರದೇನು!"

"ಮನಿಯವರ ಸಾಕ್ಷಿ ನಡಿಯಂಗಿಲ್ಲ," ಅಂದ ಗುಮಾಸ್ತ. ಅವಳ ಮುಖ ನೋಡಲಾರದೆ ಮತ್ತೆ ಅಂದ, "ನಾಳೆ ಮುಂಜಾನೆ ಗ್ರಾಮ ಲೆಕ್ಕಿಗರನ್ನ ಕಳಸ್ತೀನಿ. ಕಲ್ಲಿದ್ದ ಜಾಗಾ ತೋರಸ್ರಿ. ನಂಬಿದ್ರ ನಂಬಿದ್ರು."

ಸಂಜೆ ಕಲ್ಲನ್ನು ಹೊತ್ತು ಹೊಲಕ್ಕೆ ವಾಪಸ್ ಬಂದರೆ ಗದ್ದೆತುಂಬ ಕಾಲುವೆ ನೀರು. ಸೂಗಪ್ಪನೇ ಹಿಂದೆ ಸಮಾಧಿ ಕಟ್ಟೆ ಸಪಾಟು ಮಾಡಿ, ಕಲ್ಲೊಂದು ಬಿಟ್ಟು, ನೆಲ್ಲು ನಾಟಿ ಮಾಡಿಸಿದ್ದ. ಬೆಳಿಗ್ಗೆ ಕಿತ್ತ ಕುಣಿ ಕಾಣಲಿಲ್ಲ. ಕಸ್ತೂರೆಮ್ಮ ಮೊಣಕಾಲುದ್ದ ರಾಡಿಯಾಗ ಕಾಲಿಂದ ತಡಕಾಡಿ ಹುಡುಕಿದಳು. ಇಬ್ಬರೂ ಕಲ್ಲು ನಿಲ್ಲಿಸಿದರು. ವಾಲಿತು. ಸುತ್ತ ಮಣ್ಣು ತುಳಿದರು. ಮತ್ತೂ ವಾಲಿತು.

"ನಡಿ ವೈನಿ, ಮುಂಜಾನೆದ್ದು ನೋಡೂಣು."

ಕಸ್ತೂರೆಮ್ಮ ಕಲ್ಲನ್ನು ಎದೆಗಾನಿಸಿ ತಬ್ಬಿಕೊಂಡಳು. "ನೀ ಹೋಗಪ್ಪ. ಅವರು ಬರೋತನ ನಾ ಹಿಂಗ ನಿಂದರತೀನಿ. ಕೈ ಬಿಟ್ಟರ ಅಕ್ಕ ಮತ್ತ ಬದುಕತಾಳ."