ಪಾನಿಂಗ್ ಮನೆಗೆ ಬಂದವರು

ಮನಾಂಗ್ ಪಾನಿಂಗ್ ನಮ್ಮ ಪಕ್ಕದ ಮನೆಯವಳು. ಮನಾಂಗ್ ಅಂದರೆ ಅಕ್ಕ. ಚಾವಣಿಗೆ ಹೊದಿಸುವ ಗರಿಯ ತಟ್ಟಿ ಹೊಲಿದು ಒಂಟಿಯಾಗಿ ಬದುಕುತ್ತಿದ್ದಳು. ಪನಾಯ್ ದ್ವೀಪದ ನಮ್ಮ ಕಡಲ ದಂಡೆಯಲ್ಲಿ ಎದುರು ಸಿಕ್ಕವರನ್ನು ಮಾತಾಡಿಸದೆ ಯಾರೂ ದಾಟುವುದಿಲ್ಲ. ಅವಳು ಮಾತ್ರ ತಲೆಯಾಡಿಸಿ ಸರಿದುಬಿಡುತ್ತಿದ್ದಳು. ಸೊಕ್ಕು ಅನ್ನುತ್ತಿದ್ದರು. ನಾನೂ ಅಂದಿದ್ದೆ.

ಆ ವರ್ಷ ನಮ್ಮ ಕೇರಿಯ ಮೆರ್ಲಿತಾಗೆ ಏಳು ತಿಂಗಳಿಗೇ ಹೆರಿಗೆಯಾಗಿ ಮಗು ಉಳಿಯಲಿಲ್ಲ. ವಾರದೊಳಗೆ ಮಾತು ಹುಟ್ಟಿತು: ಪಾನಿಂಗ್ ಅಸ್ವಾಂಗ್, ಹಗಲೆಲ್ಲ ಹೆಂಗಸಾಗಿದ್ದು ಕತ್ತಲಲ್ಲಿ ಬಸುರಿಯರ ಕೂಸು ಹೀರುವವಳು. ಇಲ್ಲದಿದ್ದರೆ ಬಾಯಿ ಬಿಡಲು ಏನು ಕಷ್ಟ? ಅಸ್ವಾಂಗ್ ಒಳಗೆ ಬಾರದಿರಲೆಂದು ಮನೆಮನೆಯ ಬಾಗಿಲಿಗೆ ಬೆಳ್ಳುಳ್ಳಿ ಬಂತು. ನಾನೂ ಕಟ್ಟಿದೆ. ನಾನಾಗ ಐದು ತಿಂಗಳ ಬಸುರಿ.

ಬೇಲಿಯ ಸಂದಿಯಿಂದ ನೋಡಿದರೆ, ಅವಳ ಕಿಟಕಿಯೊಳಗೆ ಪಾನಿಂಗ್ ಕದಕ್ಕೆ ಅಕ್ಕಿಯ ಡಬ್ಬ ಅಡ್ಡ ಇಟ್ಟು ಅದರ ಮೇಲೆ ಕೂತಿರುತ್ತಿದ್ದಳು.

ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಏಳೆಂಟು ಗಂಡಸರು ಬಂದು ಅವಳನ್ನು ಅಂಗಳಕ್ಕೆ ಎಳೆದರು. ಮೆರ್ಲಿತಾಳ ಗಂಡ ರೊಡೆಲ್ ಕೈಯಲ್ಲಿ ತೊರಕೆ ಮೀನಿನ ಬಾಲದ ಚಾಟಿ. ಅಸ್ವಾಂಗ್‌ಗೆ ಅದೇ ಮದ್ದು.

"ನಾನಲ್ಲ ಅಂತ ಒಂದ್ಸಲ ಹೇಳು, ಬಿಟ್ಬಿಡ್ತೀವಿ," ಅಂದ ರೊಡೆಲ್.

ಅವಳ ತುಟಿ ಅಲುಗಿತು, ದನಿ ಹೊರಡಲಿಲ್ಲ. ಅದು ಬರೀ ಹೆದರಿಕೆ ಎಂದು ನನಗೆ ಕಾಣುತ್ತಿತ್ತು. ಆದರೂ ಹೊಟ್ಟೆ ಹಿಡಿದುಕೊಂಡು ನನ್ನ ಬಾಗಿಲ ಹಿಂದೆಯೇ ನಿಂತೆ. ರೊಡೆಲ್ ಚಾಟಿ ಎತ್ತಿದ.

ಅಷ್ಟರಲ್ಲಿ ಮೆರ್ಲಿತಾ ಬಂದಳು, ಹಸಿ ಮೈಯಲ್ಲಿ, ಬರಿಗಾಲಲ್ಲಿ.

"ಅದನ್ನ ಕೆಳಗಿಡು," ಎಂದಳು ಗಂಡನಿಗೆ. "ಮಗು ಹೋದ ದಿನ ಬಂದವ್ರೆಲ್ಲ ಹೇಗಾಯ್ತು, ಯಾಕಾಯ್ತು ಅಂತ ನನ್ನ ಬಾಯಲ್ಲೇ ಹೇಳಿಸಿದ್ರು. ಮನಾಂಗ್ ಒಬ್ಳೇ ಏನೂ ಕೇಳ್ಲಿಲ್ಲ. ಸಂಜೆವರೆಗೂ ನನ್ನ ಕಾಲು ಒತ್ತುತ್ತಾ ಕೂತಿದ್ಲು. ಆಗ್ಲೇ ನಂಗೆ ಅಳು ಬಂದಿದ್ದು."

ರೊಡೆಲ್ ಚಾಟಿ ಇಳಿಸಿದ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಮರುದಿನ ಊರಿಗೆ ನಾಚಿಕೆಯಾಯಿತು. ಹೆಂಗಸರು ಗಂಜಿ, ಹುರಿದ ಮೀನು ಹಿಡಿದು ಅವಳ ಮನೆ ತುಂಬಿದರು. ಇನ್ನು ಇವಳನ್ನು ಒಂಟಿ ಬಿಡಬಾರದೆಂದು ಸರದಿ ಹಾಕಿಕೊಂಡು ಮಾತಾಡಿಸಿದರು. ನಾಲಿಗೆಗೇನು ಉಪ್ಪು ಹಾಕಿ ಒಣಗಿಸಿಟ್ಟಿದ್ದೀಯಾ ಎಂದು ರೇಗಿಸಿದರು. ಮೂರು ದಿನ ಹೀಗೇ ನಡೆಯಿತು.

ನಾನು ತಪ್ಪೊಪ್ಪಿಕೊಳ್ಳಲು ಹೋದಾಗ ಅವಳು ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ಅಂಗಳದಲ್ಲಿ ನಡುಗಿದ್ದಕ್ಕಿಂತ ಹೆಚ್ಚು ನಡುಗುತ್ತಿದ್ದಳು. ನನ್ನ ತೋಳು ಹಿಡಿದು ಪಿಸುಗುಟ್ಟಿದಳು:

"ತಂಗೀ, ನಾಳೇನೂ ಬರ್ತಾರಾ?"

ಮಾರನೇ ಬೆಳಗ್ಗೆ ನಾನೇ ಅವಳ ಮೆಟ್ಟಿಲ ಮೇಲೆ ಕೂತೆ. ಜ್ವರ ಬಂದಿದೆ, ಮಲಗಿದ್ದಾಳೆ ಎಂದು ಸುಳ್ಳು ಹೇಳಿ ಬಂದವರನ್ನೆಲ್ಲ ಸಾಗಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಒಳಗಿಂದ ನಿಜವಾಗಿಯೂ ಗೊರಕೆ ಕೇಳಿಸಿತು.