ಹದಿನೈದು ಮೀಟರಿಗೆ ತಲೆ ಎತ್ತಬೇಕು

ಕಳೆದ ಭಾನುವಾರ ರಾಯಚೂರಿನ ಈಜುಕೊಳದಲ್ಲಿ ಮೊದಲು ಗುರಿ ಮುಟ್ಟಿದವನು ನಾನು. ಪದಕ ಮಾತ್ರ ನನ್ನ ಹಿಂದೆ ಬಂದವರ ಕೊರಳಿಗೆ ಬಿತ್ತು!

ಹಿಂದೆ ಬಂದವರು ದೇವದುರ್ಗದ ಮಾಮಾ, ನಮ್ಮ ಅಕ್ಕನ ಗಂಡ. ಐವತ್ತು ದಾಟಿದವರ ಇಪ್ಪತ್ತೈದು ಮೀಟರ್ ರೇಸಿಗೆ ಹೆಸರು ಕೊಟ್ಟವರು ನಾವಿಬ್ಬರೇ. (ಉಳಿದವರಿಗೆ ಬುದ್ಧಿ ಇತ್ತು.)

ನಮ್ಮ ಜಗಳ ಮೂವತ್ತು ವರ್ಷ ಹಳೆಯದು. ಮದುವೆಯಾದ ಹೊಸತರಲ್ಲಿ ಮಾಮಾ ಮಾನ್ವಿಗೆ ಬಂದಾಗ ನಮ್ಮ ಹೊಲದ ಬಾವಿಯಲ್ಲಿ ಮುಳುಗುವ ಪಂದ್ಯ ಕಟ್ಟಿದ್ದೆವು. ಮೊದಲು ತಲೆ ಎತ್ತಿದವನು ಸೋತಂತೆ. ಕಣ್ಣು ಒರೆಸಿಕೊಂಡು ನೋಡಿದರೆ ಇಬ್ಬರೂ ಮೇಲೆ! ಮೊದಲು ಎತ್ತಿದವರು ಯಾರು? ಮೆಟ್ಟಿಲ ಮೇಲಿದ್ದವಳು ಅಕ್ಕ ಒಬ್ಬಳೇ. "ನಾ ಅರಿವಿ ಹಿಂಡಾಕತ್ತಿದ್ನಿ, ನೋಡ್ಲಿಲ್ಲ" ಎಂದುಬಿಟ್ಟಳು. ಅಂದಿನಿಂದ ಯಾವ ಮದುವೆಯಲ್ಲಿ ಸಿಕ್ಕರೂ ಮಾಮಾನ ಡೈಲಾಗ್ ಒಂದೇ: "ಮಾನ್ವಿಯವ್ರಿಗೆ ಉಸುರು ಕಮ್ಮಿ." ಮೈ ಉರಿಯುವುದಿಲ್ಲವೇ?

ಭಾನುವಾರ ಕೊಳದಲ್ಲಿ ಸೀಟಿ ಊದಿದರು. ಧುಮುಕಿದೆ. ತಲೆ ಎತ್ತಿದವನು ಸೋತ ಎನ್ನುವುದು ನಮ್ಮ ಬಾವಿಯ ಕಾನೂನು. ನಾನು ಎತ್ತುತ್ತೇನೆಯೇ? ಆ ತುದಿಯ ಗೋಡೆ ಕೈಗೆ ಸಿಕ್ಕ ಮೇಲೇ ಮೇಲೆ ಬಂದೆ. ಮಾಮಾ ಇನ್ನೂ ಅರ್ಧದಲ್ಲಿ ನೀರು ಬಡಿಯುತ್ತಿದ್ದರು. ದಡದಲ್ಲಿ ಅಕ್ಕ ಇನ್ನೂ ನಾನು ಧುಮುಕಿದ ಕಡೆಯೇ ನೋಡುತ್ತ, "ಯವ್ವಾ, ನನ್ನ ತಮ್ಮ ಮ್ಯಾಲ ಬರವಲ್ಲ!" ಎಂದು ಚೀರುತ್ತಿದ್ದಳು.

ರೆಫರಿ ಬಂದು ಹೇಳಿದರು: "ಹದಿನೈದು ಮೀಟರಿನೊಳಗ ತಲಿ ಎತ್ತಬೇಕಿತ್ರೀ ಸರ. ನೀವು ಔಟ್."

ಇದ್ಯಾವ ನ್ಯಾಯ? ಪಾಪ, ಅವರು ತಾಳ್ಮೆಯಿಂದ ವಿವರಿಸಿದರು. ಹಿಂದಿನ ಕಾಲದಲ್ಲಿ ಧುಮುಕಿದವರು ಕೂಡಲೇ ಮೇಲೆ ಬಂದು ಕೈ ಬೀಸಿ ಈಜುತ್ತಿದ್ದರಂತೆ. ಕಾಲು ಜೋಡಿಸಿ ಮೀನಿನ ಹಾಗೆ ಒಳಗೇ ಹೋದರೆ ವೇಗ ಹೆಚ್ಚು ಎಂದು ಆಮೇಲೆ ಕೆಲವರು ಕಂಡುಕೊಂಡರು. ಅರ್ಧ ಕೊಳ ದಾಟಿದರೂ ಅವರ ತಲೆ ಕಾಣದು. ನೋಡಲು ಬಂದವರು ಬರೀ ನೀರು ನೋಡಬೇಕೇ? ಹಾಗಾಗಿ ಈ ರೂಲು. (ನಮ್ಮ ಬಾವಿಗೆ ಸುದ್ದಿ ಮುಟ್ಟಿರಲಿಲ್ಲ.)

ಬಸ್ ಸ್ಟ್ಯಾಂಡಿನಲ್ಲಿ ಮಾಮಾ ಪದಕ ಹಾಕಿಕೊಂಡೇ ದೇವದುರ್ಗದ ಬಸ್ ವಿಚಾರಿಸಲು ಹೋದರು. ನನ್ನ ಸಪ್ಪೆ ಮುಖ ನೋಡಿ ಅಕ್ಕ ಹತ್ತಿರ ಸರಿದಳು.

"ಅವತ್ತು ಬಾವ್ಯಾಗ ನೀನ ಗೆದ್ದಿದ್ದಿ ಬಿಡೋ ತಮ್ಮಾ. ಅವ್ರ ಮೊದ್ಲ ತಲಿ ಎತ್ತಿದ್ರು. ಹೊಸಾ ಮದಿವಿ, ತವರುಮನಿಯವ್ರ ಮುಂದ ಗಂಡ ಸೋತಾನಂತ ಹೆಂಗ ಹೇಳ್ಲಿ?"

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಇಪ್ಪತ್ತೈದು ಮೀಟರ್ ಒಳಗಿದ್ದ ನಾನು ಔಟ್. ಸತ್ಯವನ್ನು ಮೂವತ್ತು ವರ್ಷ ನೀರೊಳಗೇ ಅದುಮಿ ಹಿಡಿದ ಅಕ್ಕನಿಗೆ ಸೀಟಿ ಊದುವವರು ಯಾರು?